ಬರೆದವರು, ಬರೆಸಿಕೊಂಡವರು

"ಆ ಪುಸ್ತಕ ಏನಾಯಿತು?" ಎಂದು ಕೂಟದ ಸ್ನೇಹಿತರು ಸಿಕ್ಕಾಗಲೆಲ್ಲ ಕೇಳುತ್ತಾರೆ. ಡಾಲಸ್, ಹೂಸ್ಟನ್, ಆಸ್ಟಿನ್ ಈ ಮೂರು ಊರುಗಳಿಗೆ ಮೊದಮೊದಲು ಬಂದು ನೆಲೆಸಿದ ಕನ್ನಡ ಕುಟುಂಬಗಳ ಕಥೆಯನ್ನು ಅವರ ಬಾಯಿಂದಲೇ ಕೇಳಿ ಬರೆದು ಒಂದು ಸಂಪುಟ ತರುತ್ತೇವೆ ಎಂದು ನಾವು ಮಾತು ಕೊಟ್ಟಿದ್ದು ನಿಜ. ನಲವತ್ತು ಪ್ರಶ್ನೆಗಳ ಪಟ್ಟಿ ಮಾಡಿಕೊಂಡು, ರೆಕಾರ್ಡರ್ ಹಿಡಿದು, ಶನಿವಾರ ಭಾನುವಾರ ನೋಡದೆ ಒಂಬತ್ತು ಮನೆಗಳಿಗೆ ಹೋಗಿಬಂದದ್ದೂ ನಿಜ. ಎಲ್ಲರೂ ಪ್ರೀತಿಯಿಂದ ಕೂರಿಸಿ, ಕಾಫಿ ಕೊಟ್ಟು, ಊಟ ಹಾಕಿ, ಮಾತಾಡಿದರು. ಪುಸ್ತಕ ಮಾತ್ರ ಆಗಲಿಲ್ಲ.

ಕಾರಣ ಹೇಳಿದರೆ ನಗುತ್ತೀರಿ. ಮನೆಗೆ ಬಂದು ರೆಕಾರ್ಡಿಂಗುಗಳನ್ನು ಕೇಳಿದಾಗ ಒಂಬತ್ತು ಮನೆಯವರೂ ಒಂದೇ ಕಥೆ ಹೇಳಿದ್ದರು! ಜೇಬಿನಲ್ಲಿ ಎಂಟು ಡಾಲರ್ ಇಟ್ಟುಕೊಂಡು ಬಂದದ್ದು, ಸಾರಿನ ಪುಡಿಯ ಡಬ್ಬಿಯನ್ನು ಕಸ್ಟಮ್ಸಿನವನು ಮೂಸಿ ನೋಡಿದ್ದು, ಒಗ್ಗರಣೆಯ ಹೊಗೆಗೆ ಅಲಾರಂ ಹೊಡೆದುಕೊಂಡದ್ದು, ಕಷ್ಟಪಟ್ಟದ್ದು, ಮಕ್ಕಳು ಡಾಕ್ಟರಾದದ್ದು. ಹೆಸರು ಅಳಿಸಿದರೆ ಯಾವುದು ಯಾರ ಕಥೆ ಎಂದು ನಮಗೇ ಗೊತ್ತಾಗುತ್ತಿರಲಿಲ್ಲ. ಮೊದಲು ನಾವು ಹಿರಿಯರ ಮೇಲೆಯೇ ತಪ್ಪು ಹಾಕಿದೆವು. ಆಮೇಲೆ, ಜನರ ಹತ್ತಿರ ಕೂತು ಕೇಳಿ ಬರೆಯುವುದನ್ನೇ ನೂರು ವರ್ಷದಿಂದ ಕಸುಬು ಮಾಡಿಕೊಂಡವರು ಇದನ್ನು ಹೇಗೆ ನಿಭಾಯಿಸಿದರು ನೋಡೋಣವೆಂದು ಆ ಶಾಸ್ತ್ರದ ಚರಿತ್ರೆಯನ್ನು ಓದತೊಡಗಿದೆವು. ಓದುತ್ತ ಹೋದಂತೆ ತಪ್ಪು ಯಾರದೆಂದು ತಿಳಿಯಿತು. ಆ ಓದಿನ ಫಲವೇ ಈ ಲೇಖನ.

ಎಥ್ನಾಗ್ರಫಿ ಎನ್ನುತ್ತಾರೆ. ಕನ್ನಡದಲ್ಲಿ ಜನಾಂಗ ಅಧ್ಯಯನ ಎಂದೋ ಕುಲಾಧ್ಯಯನ ಎಂದೋ ಕರೆಯುವುದುಂಟು. ಎರಡೂ ಹೆಸರು ಅಷ್ಟಾಗಿ ಒಪ್ಪುವುದಿಲ್ಲ, ಇರಲಿ. ಸಂಗತಿ ಇಷ್ಟೆ: ಒಂದು ಜನರ ನಡುವೆ ಹೋಗಿ ತಿಂಗಳುಗಟ್ಟಲೆ ಇರುವುದು, ಅವರ ಭಾಷೆಯಲ್ಲಿ ಮಾತಾಡುವುದು, ಅವರು ಹೇಳುವುದರ ಜೊತೆಗೆ ಮಾಡುವುದನ್ನೂ ನೋಡುವುದು, ಆಮೇಲೆ ಬರೆಯುವುದು. ಹೇಳುವುದಕ್ಕೂ ಮಾಡುವುದಕ್ಕೂ ಇರುವ ಅಂತರ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಚೆನ್ನಾಗಿ ಗೊತ್ತು. ಗಿರಾಕಿ ಬೇಕೆಂದು ಹೇಳಿದ್ದನ್ನು ಅಕ್ಷರಶಃ ಮಾಡಿಕೊಟ್ಟರೆ ಅವನು ಅದನ್ನು ಮುಟ್ಟುವುದೂ ಇಲ್ಲ! ಪೋಲೆಂಡ್ ಮೂಲದ ಮಲಿನೋವ್‌ಸ್ಕಿ ಮೊದಲ ಮಹಾಯುದ್ಧದ ಕಾಲದಲ್ಲಿ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಗುಡಾರ ಹಾಕಿಕೊಂಡಿದ್ದು 1922ರಲ್ಲಿ ಪ್ರಕಟಿಸಿದ ಗ್ರಂಥವನ್ನು ಈ ಪದ್ಧತಿಯ ಮಾದರಿ ಎನ್ನುತ್ತಾರೆ. ಆದರೆ ನಮ್ಮ ನಾಡಿಗೆ ಪ್ರಶ್ನೆ ಕೇಳುವವರು ಅದಕ್ಕೂ ನೂರಿಪ್ಪತ್ತು ವರ್ಷ ಮೊದಲೇ ಬಂದಿದ್ದರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ. ಮರುವರ್ಷ ಏಪ್ರಿಲ್‌ನಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟ. ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿಗೆ ತಿಳಿಯಬೇಕಾಗಿತ್ತು. ಬುಕಾನನ್ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ, ರಾಗಿ ಹೇಗೆ ಬಿತ್ತುತ್ತಾರೆ, ಕಬ್ಬಿಣ ಹೇಗೆ ಕಾಯಿಸುತ್ತಾರೆ, ನೇಕಾರರಿಗೆ ಎಷ್ಟು ಗಿಟ್ಟುತ್ತದೆ, ಯಾವ ಜಾತಿಯವರು ಏನು ತಿನ್ನುತ್ತಾರೆ, ಯಾರನ್ನು ಮದುವೆಯಾಗುತ್ತಾರೆ ಎಂದೆಲ್ಲ ಊರೂರಿನಲ್ಲಿ ಕೇಳಿ ಬರೆದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಆ ಕಾಲದ ನಮ್ಮ ಹಳ್ಳಿಗಳ ಬಗ್ಗೆ ಇಷ್ಟು ವಿವರ ಇನ್ನೊಂದು ಕಡೆ ಸಿಗುವುದು ಕಷ್ಟ. ಆದರೆ ಪಲ್ಲಕ್ಕಿ, ಬರಹಗಾರರು, ಕಾವಲಿನವರು ಇರುವ ಒಬ್ಬ ಕಂಪನಿ ಸಾಹೇಬ ಬಂದು "ನಿನ್ನ ಹೊಲದಲ್ಲಿ ಎಷ್ಟು ಖಂಡುಗ ಆಗುತ್ತದೆ?" ಎಂದು ಕೇಳಿದರೆ ಯಾವ ರೈತ ಸರಿಯಾದ ಲೆಕ್ಕ ಹೇಳಿಯಾನು? ಕಂದಾಯ ಹೆಚ್ಚಾಗುತ್ತದೆಂಬ ಭಯ ಇಲ್ಲದಿದ್ದೀತೆ? ಹೀಗೆಂದು ನಾವು ಊಹಿಸುವುದು ಅಷ್ಟೆ, ಆದರೆ ಊಹೆ ತಪ್ಪಿರಲಾರದು.

ಅದೇ ಕಾಲದಲ್ಲಿ ಮೈಸೂರು ಸೀಮೆಯಲ್ಲಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಕಥೆ ಇನ್ನೂ ಸ್ವಾರಸ್ಯದ್ದು. 1792ರಲ್ಲಿ ಭಾರತಕ್ಕೆ ಬಂದ ಈತ ದೇಶೀಯ ಉಡುಪು ತೊಟ್ಟು, ಜನರ ಹಾಗೆಯೇ ಉಂಡು, ಮೂವತ್ತು ವರ್ಷಕ್ಕೂ ಮಿಕ್ಕಿ ಇದ್ದ. ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸದಲ್ಲೂ ದುಡಿದ. ಹಿಂದೂಗಳ ಆಚಾರ ವಿಚಾರಗಳ ಮೇಲೆ ಈತ ಕೊಟ್ಟ ಹಸ್ತಪ್ರತಿಯನ್ನು 1807ರಲ್ಲಿ ಮದರಾಸು ಸರ್ಕಾರ ಎರಡು ಸಾವಿರ ವರಹ ಕೊಟ್ಟು ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಬಂತು. ನೂರೈವತ್ತು ವರ್ಷ ಅದು ಕಣ್ಣಾರೆ ಕಂಡವನ ಮಾತು ಎಂದೇ ಎಲ್ಲರೂ ಓದಿದರು. 1987ರಲ್ಲಿ ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದುಷಿ ಅದರ ಬುಡ ಕೆದಕಿದಾಗ ಬಹುಭಾಗ ಕೇರ್ದೂ ಎಂಬ ಹಿಂದಿನ ತಲೆಮಾರಿನ ಜೆಸ್ಯೂಟ್ ಪಾದ್ರಿಯ ಬರವಣಿಗೆಯಿಂದ ಎತ್ತಿಕೊಂಡದ್ದೆಂದು ತಿಳಿದುಬಂತು. ಮೂವತ್ತು ವರ್ಷ ಜನರ ನಡುವೆ ಇದ್ದವನಿಗೂ ಇನ್ನೊಬ್ಬರ ಕಾಗದವೇ ಹೆಚ್ಚು ನೆಚ್ಚಿಕೆಯಾಗಿ ಕಂಡಿತಲ್ಲ!

ಮುಂದೆ ಇದು ಸರ್ಕಾರದ ಇಲಾಖೆಯ ಕೆಲಸವಾಯಿತು. 1901ರ ಜನಗಣತಿಯ ಹಿಂದೆಯೇ ಬ್ರಿಟಿಷ್ ಸರ್ಕಾರ ದೇಶದ ಜಾತಿ ಬುಡಕಟ್ಟುಗಳ ಸಮೀಕ್ಷೆಗೆ ಕೈಹಾಕಿತು. ಜನರ ಮೂಗಿನ ಉದ್ದಗಲವನ್ನು ಉಪಕರಣದಲ್ಲಿ ಅಳೆದು ಕುಲ ನಿರ್ಧರಿಸುವ ವಿಚಿತ್ರ ಶಾಸ್ತ್ರ ಆಗ ಚಾಲ್ತಿಯಲ್ಲಿತ್ತು. ಮೈಸೂರು ಸಂಸ್ಥಾನದಲ್ಲಿ ಈ ಸಮೀಕ್ಷೆಯ ಹೊಣೆ ಹೊತ್ತವರು ಎಚ್.ವಿ. ನಂಜುಂಡಯ್ಯ. ಹೌದು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾದವರು, ಮರುವರ್ಷ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳಾದವರು, ಅವರೇ. 1920ರಲ್ಲಿ ಅವರು ತೀರಿಕೊಂಡ ಮೇಲೆ ಕೇರಳದ ಎಲ್.ಕೆ. ಅನಂತಕೃಷ್ಣ ಅಯ್ಯರ್ ಕೆಲಸ ಮುಂದುವರಿಸಿ, 1928ರಿಂದ 1935ರ ನಡುವೆ ನಾಲ್ಕು ಸಂಪುಟ ಹೊರತಂದರು. ಕುರುಬರು, ಬೇಡರು, ಒಕ್ಕಲಿಗರು, ಹೊಲೆಯರು, ಮಾದಿಗರು, ಜೇನುಕುರುಬರು ಎಲ್ಲರೂ ಅದರಲ್ಲಿದ್ದಾರೆ. ಭಾಷೆ ಮಾತ್ರ ಇಂಗ್ಲಿಷು. ಕನ್ನಡ ಪರಿಷತ್ತಿನ ಮೊದಲ ಅಧ್ಯಕ್ಷರು ಕನ್ನಡ ಜನರ ಬಗ್ಗೆ ಬರೆದದ್ದನ್ನು ಆ ಜನರಲ್ಲಿ ನೂರಕ್ಕೆ ಒಬ್ಬರೂ ಓದಲಾರದ ಸ್ಥಿತಿ. ಹೀಯಾಳಿಕೆಗೆ ಈ ಮಾತು ಹೇಳುತ್ತಿಲ್ಲ. ಬರೆಸಿಕೊಂಡವರು ಓದಬಹುದು ಎಂಬ ಯೋಚನೆಯೇ ಆಗ ಯಾರಿಗೂ ಬಂದಿರಲಿಲ್ಲ.

ಈಗ ಮೈಸೂರಿನ ಎಂ.ಎನ್. ಶ್ರೀನಿವಾಸರ ವಿಷಯಕ್ಕೆ ಬರುತ್ತೇವೆ. ನಾವು ಹೆಚ್ಚು ಹೊತ್ತು ನಿಂತದ್ದು ಇಲ್ಲಿಯೇ.

ಅರಕೆರೆ ಮೂಲದ ಕುಟುಂಬ. ಮಕ್ಕಳ ಓದಿಗಾಗಿ ತಂದೆ ಮೈಸೂರಿಗೆ ಬಂದಿದ್ದರು. 1916ರಲ್ಲಿ ಹುಟ್ಟಿದ ಶ್ರೀನಿವಾಸ್ ಮುಂಬಯಿಯಲ್ಲಿ ಘುರ್ಯೆ ಅವರ ಬಳಿ, ಆಕ್ಸ್‌ಫರ್ಡಿನಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್ ಮತ್ತು ಎವನ್ಸ್-ಪ್ರಿಚರ್ಡ್ ಅವರ ಬಳಿ ಕಲಿತರು. 1948ರಲ್ಲಿ ಮೈಸೂರು ಸೀಮೆಯ ಕೊಡಗಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಉಳಿದರು. ಬರವಣಿಗೆಯಲ್ಲಿ ಊರಿಗೆ ರಾಂಪುರ ಎಂದು ಹೆಸರಿಟ್ಟರು, ಜನರಿಗೂ ಬೇರೆ ಹೆಸರುಗಳನ್ನು ಕೊಟ್ಟರು. ಪಟೇಲರ ಎತ್ತುಗಳನ್ನು ಕಟ್ಟುವ ಮನೆಯಲ್ಲೇ ಅವರ ಬಿಡಾರ. ನೂರಾರು ಮೈಲಿ ಸಮುದ್ರ ದಾಟಿ ಗೊತ್ತಿಲ್ಲದ ದ್ವೀಪಕ್ಕೆ ಹೋಗುವುದೇ ಶಾಸ್ತ್ರ ಎಂದಿದ್ದ ಕಾಲದಲ್ಲಿ ಇವರು ತಮ್ಮದೇ ಭಾಷೆಯಾಡುವ, ಬಸ್ಸಿನಲ್ಲಿ ಹೋಗಿಬರಬಹುದಾದ ಊರಿಗೆ ಹೋದರು. ವಿಚಿತ್ರವೆಂದರೆ ಹಳ್ಳಿ ಅವರನ್ನು ಮರಳಿ ಬ್ರಾಹ್ಮಣನನ್ನಾಗಿ ಮಾಡಲು ನೋಡಿತು! ಆಕ್ಸ್‌ಫರ್ಡಿನಲ್ಲಿ ಹೇಗಿದ್ದರೋ ಏನೋ, ಊರಿನ ಹಿರಿಯರ ಕಣ್ಣಿನಲ್ಲಿ ಬ್ರಾಹ್ಮಣ ಬ್ರಾಹ್ಮಣನ ಹಾಗೆಯೇ ಇರಬೇಕಾಗಿತ್ತು. ಅವರು ಊರನ್ನು ನೋಡುತ್ತಿದ್ದಂತೆ ಊರೂ ಅವರನ್ನು ನೋಡುತ್ತಿತ್ತು.

ಆ ಹಳ್ಳಿಯಿಂದ ಬಂದ ಕೆಲವು ಮಾತುಗಳು ಇಂದು ಪತ್ರಿಕೆಗಳಲ್ಲಿ ದಿನವೂ ಕಾಣುತ್ತವೆ. "ವೋಟ್ ಬ್ಯಾಂಕ್" ಎಂಬುದನ್ನು 1955ರ ಒಂದು ಲೇಖನದಲ್ಲಿ ಬಳಸಿದವರು ಶ್ರೀನಿವಾಸರೇ. ಪ್ರಬಲ ಜಾತಿ ಎಂಬ ಪರಿಕಲ್ಪನೆ ಬೆಳೆದದ್ದೂ ರಾಂಪುರದಲ್ಲಿ. ಇದಕ್ಕೆ ಮೊದಲು ಕೊಡವರ ಬಗ್ಗೆ ಬರೆದ 1952ರ ಪುಸ್ತಕದಲ್ಲಿ ಸಂಸ್ಕೃತೀಕರಣದ ವಿಚಾರ ಬಂದಿತ್ತು: ಕೆಳಗಿನ ಜಾತಿಯವರು ಮೇಲಿನವರ ಆಚಾರ, ಊಟ, ಪೂಜೆಗಳನ್ನು ತಮ್ಮದಾಗಿಸಿಕೊಂಡು ಒಂದೆರಡು ತಲೆಮಾರಿನಲ್ಲಿ ಮೇಲಿನ ಸ್ಥಾನ ಕೇಳುವುದು.

ಆದರೆ ರಾಂಪುರದ ದೊಡ್ಡ ಪುಸ್ತಕ ಬರೆಯುವುದು ಮುಂದಕ್ಕೆ ಹೋಗುತ್ತಲೇ ಇತ್ತು. ಪಾಠ, ಆಡಳಿತ, ಬರೋಡಾ, ದೆಹಲಿ. ಕಡೆಗೆ 1970ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡಿನಲ್ಲಿರುವ ಅಧ್ಯಯನ ಕೇಂದ್ರಕ್ಕೆ ಒಂದು ವರ್ಷದ ಬಿಡುವು ಸಿಕ್ಕಿ ಬಂದರು. ಹದಿನೆಂಟು ವರ್ಷಗಳಲ್ಲಿ ಅಚ್ಚುಕಟ್ಟಾಗಿ ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳನ್ನು ಜೊತೆಗೆ ತಂದಿದ್ದರು. ವಿಯೆಟ್ನಾಂ ಯುದ್ಧದ ವಿರುದ್ಧ ಕ್ಯಾಂಪಸ್ಸುಗಳು ಉರಿಯುತ್ತಿದ್ದ ಕಾಲ. ಏಪ್ರಿಲ್ 24ರಂದು ಯಾರೋ ಕಟ್ಟಡಕ್ಕೆ ಬೆಂಕಿ ಇಟ್ಟರು. ಮೂರೂ ಪ್ರತಿ ಸುಟ್ಟುಹೋದವು. (ಮೂರು ಪ್ರತಿ ಒಂದೇ ಕಟ್ಟಡದಲ್ಲಿ! ನಮ್ಮ ವೃತ್ತಿಯ ಎಳೆಯ ಹುಡುಗರಿಗೆ ಬ್ಯಾಕಪ್ಪಿನ ಪಾಠ ಹೇಳುವಾಗ ನಾವು ಈಗ ಈ ಕಥೆಯನ್ನೇ ಹೇಳುತ್ತೇವೆ.) ಸೋಲ್ ಟ್ಯಾಕ್ಸ್ ಎಂಬ ಅಮೆರಿಕದ ಹಿರಿಯ ಮಾನವಶಾಸ್ತ್ರಜ್ಞರು ಧೈರ್ಯ ಹೇಳಿ, ಟಿಪ್ಪಣಿ ಹೋದರೆ ಹೋಗಲಿ, ನೆನಪಿನಿಂದ ಬರೆಯಿರಿ ಎಂದರು. ಅದೇ 1976ರಲ್ಲಿ ಹೊರಬಂದ 'ದಿ ರಿಮೆಂಬರ್ಡ್ ವಿಲೇಜ್'.

ನಮಗೆ ಆ ಪುಸ್ತಕ ಇಷ್ಟವಾಗುವುದು ಕಾದಂಬರಿಯ ಹಾಗಿರುವುದಕ್ಕೆ. ಪಟೇಲರು, ನಾಡುಗೌಡ, ಕುಳ್ಳೇಗೌಡ ಮುಂತಾದವರು ಕೋಷ್ಟಕದ ಸಾಲುಗಳಾಗದೆ ಮನುಷ್ಯರಾಗಿ ಓಡಾಡುತ್ತಾರೆ. ಬೆಂಕಿ ಬೀಳದಿದ್ದರೆ ಬಹುಶಃ ಇನ್ನೊಂದು ದಪ್ಪ ವರದಿ ಬರುತ್ತಿತ್ತು. ಆದರೆ ಅದಕ್ಕಿಂತ ನಮ್ಮನ್ನು ತಡೆದು ನಿಲ್ಲಿಸಿದ ಮಾತು ಬೇರೆ. ತಾವು ಕಂಡ ರಾಂಪುರ ಮೇಲುಜಾತಿಯವರ ನಡುವೆ ಕೂತು ಕಂಡ ರಾಂಪುರ ಎಂಬುದನ್ನು ಶ್ರೀನಿವಾಸರೇ ಒಪ್ಪಿಕೊಂಡಿದ್ದಾರೆ. ಪಟೇಲರ ಎತ್ತಿನ ಮನೆಯಿಂದ ಹೊಲಗೇರಿ ಎಷ್ಟು ದೂರ? ನಡೆದರೆ ಕೆಲವು ನಿಮಿಷ. ಆದರೆ ಪಟೇಲರ ಅತಿಥಿಯಾಗಿದ್ದವರಿಗೆ ಆ ಕೆಲವು ನಿಮಿಷದ ದಾರಿ ಸುಲಭವಾಗಿರಲಿಲ್ಲ. ಬಿಡಾರ ಎಲ್ಲಿ ಎಂಬುದರ ಮೇಲೆ ಊರು ಹೇಗೆ ಕಾಣುತ್ತದೆ ಎಂಬುದು ನಿಂತಿತ್ತು.

ಅಂದಹಾಗೆ, ಹೊರಗಿನವರಿಗೆ ಏನೂ ಕಾಣುವುದಿಲ್ಲ ಎಂದಲ್ಲ. ವಿಯೆನ್ನಾದಲ್ಲಿ ಹುಟ್ಟಿ, ಹಿಟ್ಲರನಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ್ದ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 1956ರವರೆಗೆ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ಇದ್ದರು. ಒಂದಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಿತ್ತು, ಇನ್ನೊಂದಕ್ಕೆ ಇಲ್ಲ. ನೀರು ಬಂದ ಊರೇ ಬದಲಾಗಿರುತ್ತದೆ ಎಂದು ಯಾರಾದರೂ ಹೇಳುತ್ತಾರೆ. ಆಕೆ ಕಂಡದ್ದು ತಿರುಗುಮುರುಗು. ನೀರಿನ ಊರು ಕಬ್ಬು ಬೆಳೆದು ಸಿರಿವಂತವಾಯಿತು, ಆದರೆ ಜಮೀನ್ದಾರ ಆಳುಗಳ ಹಳೆಯ ಸಂಬಂಧ ಹಾಗೆಯೇ ಉಳಿಯಿತು. ಒಣ ಊರಿನವರು ಹೊಟ್ಟೆಪಾಡಿಗೆ ಮಂಡ್ಯ ಪೇಟೆಯ ಕೆಲಸ, ವ್ಯಾಪಾರಕ್ಕೆ ಕೈಹಾಕಿ ಒಳಗಿಂದಲೇ ಬದಲಾದರು. ಊರಿನವರನ್ನು ಕೂರಿಸಿ ಕೇಳಿದ್ದರೆ ಇದು ಬಾಯಿಗೆ ಬರುತ್ತಿರಲಿಲ್ಲ. ಎರಡೂ ಕಡೆ ಇದ್ದು ನೋಡಿದ್ದರಿಂದ ತಿಳಿಯಿತು.

ಈಗ ನಾವಿರುವ ಟೆಕ್ಸಾಸಿಗೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ ಶ್ರೀನಿವಾಸರ ಟಿಪ್ಪಣಿಗಳು ಸುಟ್ಟ ಅದೇ 1970ರಲ್ಲಿ, ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಅಮೆರಿಕೊ ಪರೇದೆಸ್ ಎಂಬ ಪ್ರಾಧ್ಯಾಪಕರು ಮೆಕ್ಸಿಕನ್ ಅಮೆರಿಕನ್ ಅಧ್ಯಯನ ಕೇಂದ್ರವನ್ನು ಕಟ್ಟಿದರು. ಇವರನ್ನು ಟೆಕ್ಸಾಸಿನ ಶ್ರೀನಿವಾಸ್ ಎಂದರೆ ತಪ್ಪಿಲ್ಲ. ಇಬ್ಬರೂ ತಮ್ಮವರನ್ನೇ ಬರೆದವರು, ಇಬ್ಬರೂ ತೀರಿಕೊಂಡದ್ದು 1999ರಲ್ಲಿ. ಪರೇದೆಸ್ 1915ರಲ್ಲಿ ಗಡಿಯ ಬ್ರೌನ್ಸ್‌ವಿಲ್‌ನಲ್ಲಿ ಹುಟ್ಟಿದರು. ಪತ್ರಕರ್ತರಾಗಿ, ಸೈನಿಕರಾಗಿ, ನಡುವಯಸ್ಸಿನಲ್ಲಿ ಪಿಎಚ್.ಡಿ. ಮಾಡಿ, 1958ರಲ್ಲಿ ಗ್ರೆಗೋರಿಯೊ ಕೋರ್ತೆಸ್ ಎಂಬವನ ಮೇಲಿನ ಲಾವಣಿಯ ಬಗ್ಗೆ ಒಂದು ಪುಸ್ತಕ ಬರೆದರು.

ಆ ಕೋರ್ತೆಸನ ಕಥೆ ನಮ್ಮ ಕೂಟದವರೆಲ್ಲ ತಿಳಿಯಬೇಕಾದದ್ದು. 1901ರ ಜೂನ್ 12. ಸ್ಯಾನ್ ಆಂಟೋನಿಯೊದ ಆಚೆ ಕಾರ್ನ್ಸ್ ಕೌಂಟಿಯ ಷೆರಿಫ್ ಒಬ್ಬ ಕುದುರೆ ಕಳ್ಳನನ್ನು ಹುಡುಕಿಕೊಂಡು ಕೋರ್ತೆಸನ ಮನೆಗೆ ಬಂದ. ಜೊತೆಗೆ ಒಬ್ಬ ದುಭಾಷಿ, ಅರೆಬರೆ ಸ್ಪ್ಯಾನಿಷಿನವನು. ಇತ್ತೀಚೆಗೆ 'ಕಬಾಯೊ' ಬದಲಾಯಿಸಿಕೊಂಡೆಯಾ ಎಂದು ಕೇಳಿದ. ಕಬಾಯೊ ಎಂದರೆ ಗಂಡು ಕುದುರೆ. ಕೋರ್ತೆಸ್ ಬದಲಾಯಿಸಿಕೊಂಡದ್ದು 'ಯೆಗ್ವಾ', ಹೆಣ್ಣು ಕುದುರೆ. ಹಸು ಕೊಂಡವನನ್ನು ಎತ್ತು ಕೊಂಡೆಯಾ ಎಂದು ಕೇಳಿದಂತೆ. ಅವನು ಇಲ್ಲ ಎಂದ, ನಿಜವನ್ನೇ ಹೇಳಿದ. ಸುಳ್ಳು ಹೇಳಿದ ಎಂದು ಷೆರಿಫ್ ತಿಳಿದ. ವಿನಾಕಾರಣ ನನ್ನನ್ನು ಹಿಡಿಯುವಂತಿಲ್ಲ ಎಂದು ಕೋರ್ತೆಸ್ ಹೇಳಿದ್ದು ದುಭಾಷಿಯ ಬಾಯಲ್ಲಿ, ಯಾವ ಬಿಳಿಯನೂ ನನ್ನನ್ನು ಹಿಡಿಯಲಾರ ಎಂದಾಯಿತು. ಷೆರಿಫ್ ಗುಂಡು ಹಾರಿಸಿದ, ಕೋರ್ತೆಸನ ಸಹೋದರ ಬಿದ್ದ. ಕೋರ್ತೆಸ್ ಹಾರಿಸಿದ, ಷೆರಿಫ್ ಸತ್ತ. ಹತ್ತು ದಿನ ನೂರಾರು ಜನ ಬೆನ್ನಟ್ಟಿದರು. ನಡುವೆ ಇನ್ನೊಬ್ಬ ಷೆರಿಫನೂ ಸತ್ತ. ಹಿಡಿದು ಜೈಲಿಗೆ ಹಾಕಿದವನನ್ನು 1913ರಲ್ಲಿ ಗವರ್ನರ್ ಕ್ಷಮಿಸಿ ಬಿಟ್ಟರು. ಒಂದು ಪ್ರಾಣಿಯ ಹೆಸರಿನ ತಪ್ಪು ಕೇಳಿಕೆಗೆ ಎಷ್ಟು ತಲೆ ಉರುಳಿದವು ನೋಡಿ.

ಈ ಕಥೆ ಬರೆದವರಿಗೆ ಅನುವಾದದ ತಪ್ಪು ಎಂದರೇನೆಂದು ಗೊತ್ತಿರದೆ ಇರುತ್ತದೆಯೇ? 1950-60ರ ದಶಕಗಳಲ್ಲಿ ದಕ್ಷಿಣ ಟೆಕ್ಸಾಸಿನ ಮೆಕ್ಸಿಕನ್ನರನ್ನು ಅಧ್ಯಯನ ಮಾಡಿದ ವಿದ್ವಾಂಸರ ಗ್ರಂಥಗಳನ್ನು ಪರೇದೆಸ್ 1977ರ ಒಂದು ಲೇಖನದಲ್ಲಿ ಪರಿಶೀಲಿಸಿದರು. ಆ ವಿದ್ವಾಂಸರು ಕೆಟ್ಟವರಲ್ಲ, ಜನಾಂಗದ್ವೇಷಿಗಳೂ ಅಲ್ಲ. ಆದರೂ ಅವರ ಪುಸ್ತಕದಲ್ಲಿ ತಮ್ಮನ್ನು ಕಂಡು ಮೆಕ್ಸಿಕನ್ನರಿಗೆ ಗುರುತೇ ಹತ್ತುತ್ತಿರಲಿಲ್ಲ. ಯಾಕೆ? ಪರೇದೆಸರ ಉತ್ತರ ಸರಳ: ಜನ ತಮಾಷೆ ಮಾಡಿದ್ದನ್ನು ಇವರು ನಿಜವೆಂದು ಬರೆದುಕೊಂಡರು. ಪಡ್ಡೆಗಳ ಬಡಾಯಿಯನ್ನು ನಂಬಿಕೆ ಎಂದರು, ಶ್ಲೇಷೆಯನ್ನು ಶಬ್ದಾರ್ಥದಲ್ಲಿ ಹಿಡಿದರು. ಪುಸ್ತಕ ಹಿಡಿದ ಬಿಳಿಯ ಸಾಹೇಬ ಬಂದಾಗ ಜನ ಒಂದು ವೇಷ ಕಟ್ಟುತ್ತಾರೆ, ಅದು ವೇಷ ಎಂದು ತಿಳಿಯುವಷ್ಟು ಭಾಷೆ ಇವರಿಗೆ ಇರಲಿಲ್ಲ.

ಇದನ್ನು ಓದಿದಾಗ ನಮಗೆ ಒಂದು ಸಂಜೆ ನೆನಪಾಯಿತು. ಕೆಲವು ವರ್ಷದ ಹಿಂದೆ ಪ್ಲೇನೋದಲ್ಲಿ ನಮ್ಮ ಕೂಟ ಸೇರಿದ್ದಾಗ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ನಮ್ಮನ್ನು "ನೋಡಲು" ಬಂದಿದ್ದಳು. ಅಂದು ನಾವೆಲ್ಲ ಎಂಥ ಕನ್ನಡ ಮಾತಾಡಿದೆವು ಅಂತೀರಿ! ಯಾರ ಬಾಯಲ್ಲೂ ಒಂದು ಇಂಗ್ಲಿಷ್ ಶಬ್ದವಿಲ್ಲ. ಯಾವಾಗಲೂ ಪಿಜ್ಜಾ ತರಿಸುವವರು ಅಂದು ಚಿತ್ರಾನ್ನ, ಕೋಸಂಬರಿ ಮಾಡಿ ತಂದಿದ್ದರು. ಹೆಂಗಸರೆಲ್ಲ ರೇಷ್ಮೆ ಸೀರೆ. ನಮ್ಮಲ್ಲೊಬ್ಬರು ಮನೆಯಲ್ಲಿ ದಿನವೂ ಮಕ್ಕಳಿಗೆ ಕುಮಾರವ್ಯಾಸ ಓದುತ್ತೇನೆ ಎಂದು ಮುಖದ ಗೆರೆ ಅಲ್ಲಾಡಿಸದೆ ಹೇಳಿದರು, ಆಕೆ ಬರೆದುಕೊಂಡಳು. ನಾವು ನಗು ತಡೆದುಕೊಂಡೆವು. ಒಂಬತ್ತು ಮನೆಯ ಎಂಟು ಡಾಲರಿನ ಕಥೆಯೂ ಹೀಗೆಯೇ ಅಲ್ಲವೆ? ನಮ್ಮ ರೆಕಾರ್ಡರಿನ ಕೆಂಪು ದೀಪ ಹತ್ತಿದ ಕೂಡಲೇ ಹಿರಿಯರೂ ರೇಷ್ಮೆ ಉಟ್ಟುಬಿಟ್ಟಿದ್ದರು.

ಹೂಸ್ಟನ್ನಿನಲ್ಲಿ ಚರ್ಚೆ ಬೇರೆ ದಾರಿ ಹಿಡಿಯಿತು. ರೈಸ್ ವಿಶ್ವವಿದ್ಯಾಲಯದಲ್ಲಿ 1980ರಿಂದ ಮಾನವಶಾಸ್ತ್ರ ವಿಭಾಗವನ್ನು ನಡೆಸಿದ ಜಾರ್ಜ್ ಮಾರ್ಕಸ್, ಜೇಮ್ಸ್ ಕ್ಲಿಫರ್ಡ್ ಜೊತೆಗೂಡಿ 1986ರಲ್ಲಿ ಸಂಪಾದಿಸಿದ 'ರೈಟಿಂಗ್ ಕಲ್ಚರ್' ಎಂಬ ಪುಸ್ತಕ ಶಾಸ್ತ್ರದೊಳಗೆ ದೊಡ್ಡ ಗಲಾಟೆ ಎಬ್ಬಿಸಿತು. ನೀವು ಬರೆಯುವುದು ಬರೀ ವರದಿಯಲ್ಲ, ಅದೂ ಒಂದು ಬರವಣಿಗೆ. ಯಾರು ಮಾತಾಡುತ್ತಾರೆ, ಯಾರ ಮಾತನ್ನು ಕತ್ತರಿಸಿದ್ದೀರಿ, "ನಾನು" ಎಲ್ಲಿ ಅಡಗಿದ್ದೇನೆ ಎಂದು ಕೇಳಿಕೊಳ್ಳಿ ಎಂಬುದು ಅದರ ತಿರುಳು. ಅದರಲ್ಲಿ ಬರೆದವರ ಪೈಕಿ ರೈಸ್‌ನವರೇ ಆದ ಸ್ಟೀಫನ್ ಟೈಲರ್ ಹಿಂದೆ ಆಂಧ್ರದ ಕೋಯರ ನಡುವೆ ಕೆಲಸ ಮಾಡಿ, ಕನ್ನಡದ ನೆಂಟನಾದ ಆ ಭಾಷೆಗೆ 1969ರಲ್ಲಿ ವ್ಯಾಕರಣ ಬರೆದವರು. ಸಾಹಿತ್ಯ ಓದುವ ನಮಗೆ ಈ ಪುಸ್ತಕದ ಮಾತು ಹೊಸದೇನೂ ಅನ್ನಿಸಲಿಲ್ಲ. ಕೆಲವು ಲೇಖನಗಳಂತೂ ಅರ್ಥವಾಗದ ಹಾಗೆ ಬರೆಯುವುದನ್ನೇ ಸಾಧನೆ ಎಂದುಕೊಂಡಂತಿವೆ.

ಡಾಲಸ್ಸಿನ ಮಾತು ಹೆಚ್ಚು ನೇರ. ಇಲ್ಲಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಕೆರೊಲಿನ್ ಬ್ರೆಟೆಲ್ 1993ರಲ್ಲಿ ಒಂದು ಸಂಕಲನ ತಂದರು. ಹೆಸರಿನ ಅರ್ಥ: ನಾವು ಬರೆದದ್ದನ್ನು ಅವರು ಓದಿದಾಗ. ನಂಜುಂಡಯ್ಯನವರ ಕಾಲದಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ ಅದು. ಹೆಸರು ಬದಲಾಯಿಸಿದರೆ ಸಾಕು ಎಂಬ ನಂಬಿಕೆ ಆ ಹೊತ್ತಿಗೆ ಮುರಿದಿತ್ತು. ನ್ಯಾನ್ಸಿ ಷೆಪರ್-ಹ್ಯೂಸ್ ಎಂಬಾಕೆ ಐರ್ಲೆಂಡಿನ ಒಂದು ಹಳ್ಳಿಗೆ ಸುಳ್ಳು ಹೆಸರಿಟ್ಟು ಅಲ್ಲಿನವರ ಒಂಟಿತನ, ಮನೋರೋಗಗಳ ಬಗ್ಗೆ 1979ರಲ್ಲಿ 'ಸೇಂಟ್ಸ್, ಸ್ಕಾಲರ್ಸ್ ಅಂಡ್ ಸ್ಕಿಜೋಫ್ರೀನಿಕ್ಸ್' ಬರೆದಿದ್ದರು. ಊರಿನವರು ಓದಿ, ಇದು ಇಂಥವರ ಮನೆಯ ಕಥೆ ಎಂದು ಒಂದೊಂದನ್ನೂ ಗುರುತಿಸಿದರು. ಇಪ್ಪತ್ತು ವರ್ಷದ ಮೇಲೆ ಆಕೆ ಮರಳಿ ಹೋದಾಗ ಊರು ಬಿಟ್ಟು ಹೋಗು ಎಂದರು. ಸಣ್ಣ ಊರಿನಲ್ಲಿ ಸುಳ್ಳು ಹೆಸರು ಯಾರನ್ನು ಮರೆಮಾಡೀತು? ನಮ್ಮ ಕನ್ನಡ ಸಂಘವೂ ಒಂದು ಸಣ್ಣ ಊರೇ.

ಬ್ರೆಟೆಲ್ ಹೆಸರು ನಮಗೆ ಮುಖ್ಯವಾಗಲು ಇನ್ನೊಂದು ಕಾರಣವಿದೆ. ಅವರು ಮುಂದೆ ಡಾಲಸ್-ಫೋರ್ಟ್‌ವರ್ತ್ ಸುತ್ತಿನ ಭಾರತೀಯರನ್ನು ಅಧ್ಯಯನ ಮಾಡಿ, ಡೆಬೊರಾ ರೀಡ್-ಡ್ಯಾನಹೇ ಜೊತೆ 2012ರಲ್ಲಿ ಪುಸ್ತಕ ಬರೆದರು. ಭಾರತೀಯ ಮತ್ತು ವಿಯೆಟ್ನಾಮಿ ವಲಸಿಗರು ಇಲ್ಲಿ ಪ್ರಜೆಗಳಾಗಿ ಹೇಗೆ ಪಾಲ್ಗೊಳ್ಳುತ್ತಾರೆ ಎಂಬುದು ವಿಷಯ. ಅದಕ್ಕೂ ಮೊದಲು 2007ರಲ್ಲಿ ಪವನ್ ಧಿಂಗ್ರಾ ಇದೇ ಡಾಲಸ್ಸಿನ ಭಾರತೀಯ ಮತ್ತು ಕೊರಿಯನ್ ಮೂಲದ ಎರಡನೆಯ ತಲೆಮಾರಿನ ಉದ್ಯೋಗಸ್ಥರ ಬಗ್ಗೆ ಬರೆದಿದ್ದರು: ಆಫೀಸಿನಲ್ಲಿ ಒಂದು, ಮನೆಯಲ್ಲಿ ಒಂದು, ಗೆಳೆಯರೊಡನೆ ಇನ್ನೊಂದು. ಅಂದರೆ ನಾವು ಕೂಡ ಈಗ ಬರೆಸಿಕೊಂಡವರು. ಈ ಪುಸ್ತಕಗಳನ್ನು ತರಿಸಿ, ಹುರುಪಿನಿಂದ, ಸ್ವಲ್ಪ ಅಳುಕಿನಿಂದ, ನಮ್ಮನ್ನು ಹುಡುಕಿಕೊಂಡು ಓದಿದೆವು. ಮುಖಪುಟದಲ್ಲಿ ನಾವು "ಇಂಡಿಯನ್". 2000ದಲ್ಲಿ ಹೂಸ್ಟನ್ನಿನಲ್ಲಿ, 2018ರಲ್ಲಿ ಡಾಲಸ್ಸಿನಲ್ಲಿ ವಿಶ್ವ ಕನ್ನಡ ಸಮ್ಮೇಳನ ನಡೆಸಿ ಸಾವಿರಾರು ಜನ ಸೇರಿದ್ದ ನಾವು ಆ ಒಂದು ಪದದೊಳಗೆ ಮಡಿಸಿಟ್ಟ ಸೀರೆಯ ಹಾಗೆ ಕೂತಿದ್ದೇವೆ. ಅವರ ತಪ್ಪೇನಿಲ್ಲ, ಅವರ ಪ್ರಶ್ನೆ ಬೇರೆ. ಮಡಿಕೆ ಬಿಚ್ಚುವ ಕೆಲಸ ನಮ್ಮದು ಎಂದೇ ಅಲ್ಲವೆ ನಾವು ನಲವತ್ತು ಪ್ರಶ್ನೆ ಹಿಡಿದು ಹೊರಟದ್ದು?

ಆ ನಲವತ್ತು ಪ್ರಶ್ನೆಗಳನ್ನು ಈಗ ತೆಗೆದು ಓದಿದರೆ ನಾಚಿಕೆಯಾಗುತ್ತದೆ. ಊರು ಯಾವುದು, ಓದು ಯಾವುದು, ಮೊದಲ ಕೆಲಸ, ಮೊದಲ ಕಾರು, ಮೊದಲ ಯುಗಾದಿ, ಯಾವ ಕವಿ ಇಷ್ಟ. ಜಾತಿ ಎಂಬ ಪದ ಒಂದು ಕಡೆಯೂ ಇಲ್ಲ. ಬಿಟ್ಟುಬಿಡೋಣ ಎಂದು ಚರ್ಚೆ ಮಾಡಿ ಬಿಟ್ಟದ್ದೂ ಅಲ್ಲ. ಪಟ್ಟಿ ಮಾಡಿದ ನಾಲ್ವರಿಗೂ ಅದು ತಲೆಗೇ ಬರಲಿಲ್ಲ. ಜಾತಿಯ ಮೇಲೆ ಜಗತ್ತೇ ಓದುವ ಪುಸ್ತಕ ಬರೆದವರು ನಮ್ಮ ಮೈಸೂರಿನವರು ಎಂದು ಹೆಮ್ಮೆಪಡುವ ನಮಗೆ!

ಆದ್ದರಿಂದ ಹಿಂದಿನ ಚಳಿಗಾಲದಲ್ಲಿ ಒಂಬತ್ತರಲ್ಲಿ ಒಂದು ಮನೆಗೆ ನಾವಿಬ್ಬರು ಮತ್ತೆ ಹೋದೆವು. ಈ ಮೂರರಲ್ಲಿ ಯಾವ ಊರು ಎಂದು ಹೇಳುವುದಿಲ್ಲ. 1970ರ ದಶಕದಲ್ಲಿ ಬಂದ ದಂಪತಿ. ಯಜಮಾನರು ಹಿಂದಿನ ಸಲ ಒಂದೂವರೆ ಗಂಟೆ ಮಾತಾಡಿದ್ದರು, ಆಂಟಿ ಕಾಫಿ ತಂದಿಟ್ಟು ಒಳಗೆ ಹೋಗಿದ್ದರು. ಈ ಸಲ ರೆಕಾರ್ಡರ್ ಒಯ್ಯಲಿಲ್ಲ. ಯಜಮಾನರು ಮಧ್ಯಾಹ್ನ ಮಲಗಿದ್ದರು. ನಾವು ಅಡುಗೆಮನೆಯಲ್ಲಿ ಅವರೆಕಾಳು ಹಿಚುಕುತ್ತ ಕೂತೆವು.

"ಅವತ್ತು ಅವರು ಹೇಳಿದ್ದನ್ನೆಲ್ಲ ಬರ್ಕೊಂಡ್ರಾ?" ಎಂದು ಆಂಟಿ ನಕ್ಕರು. "ಎಂಟು ಡಾಲರ್ ಅಂತೆ. ನನ್ನ ಸೀರೆ ಗಂಟಲ್ಲಿ ಇನ್ನೂ ನೂರು ಇತ್ತು, ನಮ್ಮಪ್ಪ ಕೊಟ್ಟಿದ್ದು." ಆಮೇಲೆ ಬಹಳ ಹೊತ್ತು ಬಿಟ್ಟು ಹೇಳಿದರು: "ನೋಡ್ರಪ್ಪ, ಆಗ ಈ ಊರಲ್ಲಿ ಐದೇ ಮನೆ ಕನ್ನಡದವರು. ಶನಿವಾರ ಬಂತು ಅಂದ್ರೆ ಐದೂ ಮನೆಯವರು ಒಟ್ಟಿಗೇ ಊಟ. ಯಾರು ಏನು ಅಂತ ಯಾರು ಕೇಳ್ತಿದ್ರು? ಜನ ಜಾಸ್ತಿ ಆದ್ಮೇಲೆ ಪಂಕ್ತಿ ಬೇರೆ ಬೇರೆ ಆಯ್ತು. ಅವರವರ ಮಠ, ಅವರವರ ಪೂಜೆ, ಅವರವರ ಗುಂಪು. ಸಂಘದ ಕಾರ್ಯಕ್ರಮಕ್ಕೆ ಎಲ್ಲರೂ ಬರ್ತಾರೆ, ಸರಿ. ಆದ್ರೆ ಮನೆಗೆ ಯಾರು ಯಾರು ಬರ್ತಾರೆ ಅಂತ ಒಂದು ಸಲ ಎಣಿಸಿ ನೋಡಿ."

ಇದನ್ನು ಬರೆಯಬಹುದೇ ಎಂದು ಕೇಳಿದೆವು. "ಹೆಸರು ಹಾಕ್ಬೇಡಿ, ಬರೀರಿ" ಎಂದರು. ಬರೆದೆವು, ಮೂರು ಪುಟವಾಯಿತು. ಬ್ರೆಟೆಲ್ ಅವರ ಸಂಕಲನ ಓದಿದ್ದವರಲ್ಲವೆ, ಅಚ್ಚಿಗೆ ಮೊದಲು ಅವರಿಗೇ ಓದಲು ಕೊಟ್ಟೆವು. ಎರಡು ವಾರದ ನಂತರ ಪುಟಗಳು ಅಂಚೆಯಲ್ಲಿ ಮರಳಿ ಬಂದವು. ಒಂದೂವರೆ ಪುಟ ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದರು. ಅದು ಇಲ್ಲಿಲ್ಲ, ಇನ್ನೆಲ್ಲೂ ಬರುವುದಿಲ್ಲ. ಮೇಲೆ ನೀವು ಓದಿದ್ದು ಅವರು ಉಳಿಸಿದ ಭಾಗ. "ಐದೇ ಮನೆ" ಎಂಬಲ್ಲಿ ಅಡಿಗೆರೆ ಎಳೆದು ಅಂಚಿನಲ್ಲಿ ಗುಂಡಗಿನ ಹಳೆಯ ಶಾಲೆಯ ಅಕ್ಷರದಲ್ಲಿ ಬರೆದಿದ್ದರು: ಐದಲ್ಲ, ಆರು. ಆರನೆಯ ಮನೆಯವರನ್ನು ನಾವು ಕರೆಯುತ್ತಿರಲಿಲ್ಲ.

ಕೆಳಗೆ ಒಂದು ಫೋನ್ ನಂಬರ್ ಇತ್ತು. ಆ ಮನೆಯವರು ಇನ್ನೂ ಟೆಕ್ಸಾಸಿನಲ್ಲೇ ಇದ್ದಾರೆ. ನಂಬರ್ ಬಂದು ಮೂರು ವಾರವಾಯಿತು, ನಾವಿನ್ನೂ ಫೋನ್ ಮಾಡಿಲ್ಲ. ಏನೆಂದು ಮಾತು ತೆಗೆಯಬೇಕೋ ತಿಳಿಯುತ್ತಿಲ್ಲ.